ಕ್ರೀಡಾಭಿಮಾನ ಮತ್ತು ಅನುಮೋದನೆಯ ಹೊಣೆ

ಕಾಲೇಜು ಬಿಟ್ಟು ಇಪ್ಪತ್ತು ವರ್ಷ ಕಳೆದ ಗೃಹಸ್ಥನೊಬ್ಬ, ತನ್ನ ಹಳೆಯ ಕಾಲೇಜಿನ ವಾಲಿಬಾಲ್ ತಂಡ ಜಯಿಸಿತೆಂಬ ಸುದ್ದಿ ಕೇಳಿದೊಡನೆ ‘ನಾವು ಗೆದ್ದೆವು’ ಎನ್ನುತ್ತಾನೆ. ಅವನು ಅಂಕಣಕ್ಕೆ ಇಳಿದವನಲ್ಲ, ಬೆವರು ಸುರಿಸಿದವನಲ್ಲ. ಆಡಿದ ಹುಡುಗರಲ್ಲಿ ಇಬ್ಬರ ಹೆಸರು ಕೂಡ ಅವನಿಗೆ ತಿಳಿದಿರಲಿಕ್ಕಿಲ್ಲ. ಆದರೂ ‘ನಾವು’ ಎಂಬ ಸರ್ವನಾಮ ಅವನ ಬಾಯಿಂದ ಯಾವ ಸಂಕೋಚವೂ ಇಲ್ಲದೆ ಹೊರಡುತ್ತದೆ. ವ್ಯಾಕರಣದ ದೃಷ್ಟಿಯಿಂದ ನಿರಪಾಯವಾದ ಈ ಪದ ನೀತಿಯ ದೃಷ್ಟಿಯಿಂದ ಅಷ್ಟು ಹಗುರವಾದುದಲ್ಲ. ತಾನು ಮಾಡದ ಕಾರ್ಯದ ಕೀರ್ತಿಯಲ್ಲಿ ಪಾಲು ಕೇಳುವವನು ಯಾವ ನ್ಯಾಯದಿಂದ ಕೇಳುತ್ತಾನೆ? ಹಾಗೆ ಪಾಲು ಪಡೆದ ಮೇಲೆ, ಆ ಕಾರ್ಯದಲ್ಲಿ ಬೆರೆತ ದೋಷದಲ್ಲಿಯೂ ಅವನಿಗೆ ಪಾಲುಂಟೇ, ಇಲ್ಲವೇ?

ಕರ್ತೃತ್ವದ ಈ ಪ್ರಶ್ನೆಯನ್ನು ಜೈನಾಚಾರ್ಯರು ಬಹಳ ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ, ಕರ್ಮದ ಆಸ್ರವಕ್ಕೆ ಜೀವವು ಹೇಗೆ ಆಧಾರವಾಗುತ್ತದೆ ಎಂಬುದನ್ನು ಹೇಳುವಾಗ ಒಂದು ಗಣನೆ ಬರುತ್ತದೆ. ಸಂರಂಭ, ಸಮಾರಂಭ, ಆರಂಭಗಳೆಂದು ಮೂರು. ಮನ, ವಚನ, ಕಾಯಗಳೆಂದು ಮೂರು. ಕೃತ, ಕಾರಿತ, ಅನುಮತಗಳೆಂದು ಮೂರು. ಕ್ರೋಧ, ಮಾನ, ಮಾಯೆ, ಲೋಭಗಳೆಂದು ಕಷಾಯಗಳು ನಾಲ್ಕು. ಇವನ್ನು ಪರಸ್ಪರ ಗುಣಿಸಿದರೆ 108 ಭೇದಗಳಾಗುತ್ತವೆ. (ಇಲ್ಲಿ ‘ಸಮಾರಂಭ’ವೆಂದರೆ ಕಾರ್ಯಕ್ಕೆ ಬೇಕಾದ ಸಾಧನಗಳನ್ನು ಕೂಡಿಸಿಕೊಳ್ಳುವುದು, ಬಹುಮಾನ ವಿತರಣೆಯ ಸಮಾರಂಭವಲ್ಲ. ಆದರೂ ಪ್ರಸ್ತುತ ವಿಷಯದಲ್ಲಿ ಎರಡೂ ಅರ್ಥಗಳು ಅಷ್ಟೇನೂ ದೂರವಿಲ್ಲ!) ಈ ಗಣನೆಯಲ್ಲಿ ನಮ್ಮ ವಿಚಾರಕ್ಕೆ ಮುಖ್ಯವಾದುದು ನಡುವಿನ ತ್ರಯ. ತಾನೇ ಮಾಡಿದ್ದು ಕೃತ. ಪರರಿಂದ ಮಾಡಿಸಿದ್ದು ಕಾರಿತ. ಪರರು ಮಾಡಿದ್ದನ್ನು ಮೆಚ್ಚಿ ಒಪ್ಪಿದ್ದು ಅನುಮತ ಅಥವಾ ಅನುಮೋದಿತ. ಮೆಚ್ಚುಗೆಯೂ ಒಂದು ಬಗೆಯ ಕರ್ಮವೆಂಬುದು ಇಲ್ಲಿಯ ತಾತ್ಪರ್ಯ. ಈ ದೃಷ್ಟಿಯಿಂದ ‘ನಾವು ಗೆದ್ದೆವು’ ಎಂದ ಗೃಹಸ್ಥನ ಮಾತು ಸುಳ್ಳಲ್ಲ. ಅವನು ಅನುಮೋದಕ, ಗೆಲುವಿನಲ್ಲಿ ಅವನಿಗೆ ನಿಜವಾಗಿಯೂ ಪಾಲುಂಟು. ತೊಡಕು ಪ್ರಾರಂಭವಾಗುವುದೇ ಇಲ್ಲಿಂದ.

ಯಾದಗಿರಿ, ಶಹಾಪುರ, ಸುರಪುರಗಳು ಒಂದೇ ಬಸ್ಸಿನ ದಾರಿಯಲ್ಲಿರುವ ಮೂರು ಊರುಗಳು. ಯಾದಗಿರಿಯಿಂದ ಹೊರಟು ಭೀಮಾ ನದಿಯನ್ನು ದಾಟಿದರೆ ಶಹಾಪುರ. ಅಲ್ಲಿಂದ ಮುಂದೆ ಕೃಷ್ಣೆಯ ಕಡೆಗೆ ಸಾಗಿದರೆ ಸುರಪುರ. ಇಲ್ಲಿಯ ಕಾಲೇಜುಗಳು ಸಣ್ಣವು. ಕಬಡ್ಡಿ, ಖೋಖೋ, ವಾಲಿಬಾಲ್ ಇಲ್ಲಿಯ ಆಟಗಳು; ಇವಕ್ಕೆ ಹೆಚ್ಚಿನ ಸಲಕರಣೆ ಬೇಡ, ಹದ ಮಾಡಿದ ನೆಲ ಸಾಕು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದಂದಿನಿಂದ ಅದರ ಅಂತರ ಕಾಲೇಜು ಪಂದ್ಯಗಳಲ್ಲಿ ಈ ಊರುಗಳ ಹುಡುಗರು ಎದುರುಬದುರಾಗುತ್ತ ಬಂದರು; ಈಚೆಗೆ ರಾಯಚೂರಿನಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವಾದ ಮೇಲೆ ಅದರ ಪಂದ್ಯಗಳಲ್ಲಿ ಎದುರಾಗುತ್ತಿದ್ದಾರೆ. ಮಹಾನಗರದ ಕ್ರೀಡಾಂಗಣದಲ್ಲಿ ಆಟಗಾರನು ಪ್ರೇಕ್ಷಕನಿಗೆ ಅಪರಿಚಿತ. ಇಲ್ಲಿ ಹಾಗಲ್ಲ. ಬ್ಲಾಕ್ ಮಾಡಲು ಜಿಗಿದ ಹುಡುಗ ಕಿರಾಣಿ ಅಂಗಡಿಯವನ ತಮ್ಮ. ಎದುರಿನ ಪಕ್ಷದವನು ಅತ್ತೆಯ ಊರಿನವನು. ಹತ್ತಿ ಅಡತಿಯ ವ್ಯಾಪಾರಿ, ಸೊಸೈಟಿಯ ಗುಮಾಸ್ತ, ಹೈಸ್ಕೂಲಿನ ಮೇಷ್ಟ್ರು, ಎಲ್ಲರೂ ಯಾವುದಾದರೊಂದು ಕಾಲೇಜಿನ ಹಳೆಯ ವಿದ್ಯಾರ್ಥಿಗಳೇ.

ಕಾಲೇಜಿನ ಮೇಲಿನ ಅಭಿಮಾನ ಬರಿಯ ಕಾಲೇಜಿನದಾಗಿ ಉಳಿಯುವುದು ಅಪರೂಪ. ಸುರಪುರಕ್ಕೆ 1858ರಲ್ಲಿ ರಾಜಾ ವೆಂಕಟಪ್ಪ ನಾಯಕರೊಡನೆ ಅಸ್ತಂಗತವಾದ ಸಂಸ್ಥಾನದ ನೆನಪಿದೆ. ಯಾದಗಿರಿ ಮುಂಬಯಿ–ಮದರಾಸು ರೈಲುಮಾರ್ಗದ ಊರು. 2009ರ ಡಿಸೆಂಬರ್ ಕೊನೆಗೆ ಜಿಲ್ಲಾ ಕೇಂದ್ರದ ಪಟ್ಟವೂ ಅದಕ್ಕೇ ದೊರೆಯಿತು. ಶಹಾಪುರಕ್ಕೆ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳು ಬಂದವು, ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವಾಯಿತು. ಒಂದು ಊರಿಗೆ ದೊರೆತದ್ದು ಇನ್ನೊಂದು ಊರಿಗೆ ದೊರೆಯಲಿಲ್ಲವೆಂಬ ಅಳಲು ಮೌನವಾಗಿ ಹರಿದು ಬಂದು ಆಟದ ಮೈದಾನದಲ್ಲಿ ನಿಲ್ಲುತ್ತದೆ. ಹತ್ತೊಂಬತ್ತು ವಯಸ್ಸಿನ ಹುಡುಗ ಸರ್ವಿಸ್ ಮಾಡಲು ಚೆಂಡನ್ನು ಕೈಗೆತ್ತಿಕೊಂಡಾಗ, ತನ್ನ ಕೈಯಲ್ಲಿ ಚೆಂಡಲ್ಲದೆ ಇಷ್ಟೆಲ್ಲ ಇದೆಯೆಂಬುದು ಅವನಿಗೇ ಗೊತ್ತಿರುವುದಿಲ್ಲ. ಶ್ರಾವಕಾಚಾರದ ಗ್ರಂಥಗಳು ಅಹಿಂಸಾಣುವ್ರತದ ಅತಿಚಾರಗಳನ್ನು ಹೇಳುವಾಗ ‘ಅತಿಭಾರಾರೋಪಣ’ವೆಂಬುದನ್ನು ಸೇರಿಸಿವೆ, ಹೊರಲಾರದಷ್ಟು ಹೊರೆಯನ್ನು ಹೇರುವುದು ಎಂದರ್ಥ. ಎತ್ತು, ಕುದುರೆಗಳನ್ನೂ ಕೂಲಿಯಾಳುಗಳನ್ನೂ ನೆನೆದು ಹೇಳಿದ ಮಾತು ಅದು. ಊರಿನ ಮಾನವನ್ನೆಲ್ಲ ಒಬ್ಬ ಬಡ ಹುಡುಗನ ಹೆಗಲಿಗೇರಿಸಿ, ಅವನು ಸೋತು ಬಂದಾಗ ಬಸ್ ನಿಲ್ದಾಣದಲ್ಲಿ ಮುಖ ತಿರುಗಿಸುವವರಿಗೂ ಅದು ಅನ್ವಯಿಸುತ್ತದೆ.

ಈಗ ಒಂದು ನಿರ್ದಿಷ್ಟ ಸಂದರ್ಭವನ್ನು ಪರಿಶೀಲಿಸೋಣ. ವಾಲಿಬಾಲ್ ಆಟದಲ್ಲಿ ಎದುರಾಳಿ ಬಲವಾಗಿ ಹೊಡೆದ ಚೆಂಡು ಬ್ಲಾಕ್ ಮಾಡಿದವನ ಬೆರಳ ತುದಿಗೆ ತಾಗಿ ಗೆರೆಯಾಚೆ ಬೀಳುತ್ತದೆ. ತಾಗಿದ್ದರೆ ಅಂಕ ಹೊಡೆದವನ ಪಕ್ಷಕ್ಕೆ. ತಾಗದಿದ್ದರೆ ಬ್ಲಾಕ್ ಮಾಡಿದವನ ಪಕ್ಷಕ್ಕೆ. ಸ್ಪರ್ಶ ಬಹು ಸೂಕ್ಷ್ಮವಾದುದರಿಂದ ರೆಫರಿಗೆ ಕಾಣಿಸದೆ ಹೋಗಬಹುದು. ಆಗ ಸತ್ಯವನ್ನು ಬಲ್ಲವನು ಒಬ್ಬನೇ, ಆ ಬೆರಳಿನ ಒಡೆಯ. ಅವನು ಕೈ ಎತ್ತಿ ‘ಟಚ್’ ಎಂದು ಒಪ್ಪಿಕೊಳ್ಳಬಹುದು, ಸುಮ್ಮನೆ ಇರಲೂಬಹುದು. ಮೊದಲು ಸಾಮಾನ್ಯ ಸೆಟ್ಟುಗಳಲ್ಲಿ ಸರ್ವಿಸ್ ಮಾಡಿದ ಪಕ್ಷಕ್ಕೆ ಮಾತ್ರ ಅಂಕ ಸಲ್ಲುತ್ತಿದ್ದುದರಿಂದ ಒಪ್ಪಿಕೊಂಡರೂ ಎಷ್ಟೋ ಸಲ ಸರ್ವಿಸ್ ಮಾತ್ರ ಕೈತಪ್ಪುತ್ತಿತ್ತು. 1990ರ ದಶಕದ ಕೊನೆಗೆ ರ‍್ಯಾಲಿ ಅಂಕಪದ್ಧತಿ ಬಂದ ಮೇಲೆ ಪ್ರತಿ ಚೆಂಡಿಗೂ ಒಂದು ಅಂಕ. ಸತ್ಯದ ಬೆಲೆ ಅಷ್ಟರಮಟ್ಟಿಗೆ ಏರಿದೆ. ಅಂಕಗಳು ಇಪ್ಪತ್ತನಾಲ್ಕು–ಇಪ್ಪತ್ತನಾಲ್ಕು ಆಗಿರುವಾಗ ಹುಡುಗ ತನ್ನ ಬೆರಳನ್ನು ಒಮ್ಮೆ ನೋಡಿಕೊಳ್ಳುತ್ತಾನೆ. ಅದೇ ಕ್ಷಣದಲ್ಲಿ ಗೆರೆಯ ಹೊರಗಿನಿಂದ ಹಿರಿಯರ ಧ್ವನಿ ಕೇಳಿಸುತ್ತದೆ: ‘ಕೈ ಎತ್ತಬ್ಯಾಡಲೇ!’

ಹುಡುಗ ಕೈ ಎತ್ತಲಿಲ್ಲವೆನ್ನೋಣ. ಅಸತ್ಯ ಯಾರದು? ಮೌನವಾಗಿದ್ದುದು ಹುಡುಗನ ಕೃತ. ಕೂಗಿ ಹೇಳಿದವನದು ಕಾರಿತ. ಅಂಕ ಘೋಷಣೆಯಾದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದವರೆಲ್ಲರದು ಅನುಮೋದಿತ. ಇವುಗಳಲ್ಲಿ ಹುಡುಗನ ದೋಷವೇ ಅತ್ಯಂತ ದೊಡ್ಡದೆಂದು ಲೋಕ ತಿಳಿಯುತ್ತದೆ. ಆದರೆ ಕಷಾಯದ ತೀವ್ರತೆ, ಮಂದತೆಗಳಿಂದ ತೂಗಿ ನೋಡಿದರೆ ತಕ್ಕಡಿ ಬೇರೆಡೆಗೆ ವಾಲಬಹುದು. ಹುಡುಗನಿಗೆ ಆಯಾಸವಿತ್ತು, ಭಯವಿತ್ತು, ಯೋಚಿಸಲು ಒಂದು ಕ್ಷಣವೂ ಇರಲಿಲ್ಲ. ನೆರಳಿನಲ್ಲಿ ಕುಳಿತ ಹಿರಿಯನಿಗೆ ಈ ಯಾವ ಒತ್ತಡವೂ ಇರಲಿಲ್ಲ. ಅವನಿಗೆ ಇದ್ದುದು ಮಾನಕಷಾಯ ಮಾತ್ರ. ಹುಡುಗ ರಾತ್ರಿ ಹಾಸಿಗೆಯಲ್ಲಿ ಮಲಗಿ ಆ ಬೆರಳನ್ನು ನೆನೆದಾನು. ಹಿರಿಯನು ಅದನ್ನು ಚಹಾದ ಅಂಗಡಿಯಲ್ಲಿ ಚಾತುರ್ಯವೆಂದು ವರ್ಣಿಸುತ್ತಾನೆ, ಹತ್ತು ವರ್ಷದ ಮೇಲೆಯೂ ವರ್ಣಿಸುತ್ತಾನೆ. ಅಂದರೆ ಒಮ್ಮೆ ಮಾಡಿದ ಅನುಮೋದನೆಯನ್ನು ಮತ್ತೆ ಮತ್ತೆ ಹೊಸದಾಗಿ ಮಾಡುತ್ತಾನೆ.

ಹಣವುಳ್ಳ ಅಭಿಮಾನಿ ಅನುಮೋದನೆಗೇ ನಿಲ್ಲುವುದಿಲ್ಲ. ಸಮವಸ್ತ್ರ ಕೊಡಿಸುವುದು, ಪ್ರಯಾಣದ ಖರ್ಚು ಹೊರುವುದು, ಊಟ ಹಾಕಿಸುವುದು, ಇವೆಲ್ಲ ಶ್ಲಾಘ್ಯವಾದ ದಾನಗಳೇ. ಆದರೆ ತರಗತಿಗೆ ಕಾಲಿಡದ ಆಟಗಾರನನ್ನು ಪಂದ್ಯಕ್ಕೆಂದೇ ದಾಖಲು ಮಾಡಿಸಿ ಅವನ ಹಾಜರಿಯನ್ನು ತುಂಬಿಸುವುದು, ಕಾಲು ಉಳುಕಿದವನಿಗೆ ಪಟ್ಟಿ ಸುತ್ತಿಸಿ ಅಂಕಣಕ್ಕೆ ಅಟ್ಟುವುದು ದಾನದ ವೇಷದ ಲೋಭ ಮತ್ತು ಮಾಯೆ. ಇಲ್ಲಿ ಕೊಡುವವನ ಹೆಸರು ಫಲಕದ ಮೇಲೆ ಉಳಿಯುತ್ತದೆ, ಉಳುಕು ಹುಡುಗನ ಕಾಲಿನಲ್ಲಿ ಉಳಿಯುತ್ತದೆ.

ಶಾಸ್ತ್ರವನ್ನು ಬಲ್ಲವರು ಇಲ್ಲೊಂದು ಆಕ್ಷೇಪವನ್ನು ಎತ್ತಬಹುದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದಲ್ಲವೇ? ತನ್ನವರ ದೋಷವನ್ನು ಬಯಲಿಗೆಳೆಯದೆ ಮುಚ್ಚುವುದು ಧರ್ಮವೆಂದ ಮೇಲೆ, ತಮ್ಮ ಕಾಲೇಜಿನ ಹುಡುಗನ ಬೆರಳಿನ ಗುಟ್ಟನ್ನು ಕಾಪಾಡಿದರೆ ತಪ್ಪೇನು? ಆಕ್ಷೇಪ ಆಕರ್ಷಕವಾಗಿದೆ, ಆದರೆ ನಿಲ್ಲುವುದಿಲ್ಲ. ಅಶಕ್ತನೊಬ್ಬನ ಸ್ಖಲನದಿಂದ ಧರ್ಮಮಾರ್ಗಕ್ಕೆ ಅಪವಾದ ಬಾರದಿರಲೆಂದು ಮರೆಮಾಡುವುದು ಉಪಗೂಹನ. ಪರರ ಹಕ್ಕಿನ ಅಂಕವನ್ನು ದಕ್ಕಿಸಿಕೊಳ್ಳಲು ಮರೆಮಾಡುವುದು ಅದಲ್ಲ. ಅಲ್ಲದೆ ಉಪಗೂಹನದ ಬೆನ್ನಲ್ಲೇ ಸ್ಥಿತೀಕರಣವೆಂಬ ಅಂಗವನ್ನು ಹೇಳಲಾಗಿದೆ. ಜಾರುತ್ತಿರುವವನನ್ನು ಹಿಡಿದು ಮತ್ತೆ ನೆಲೆಗೆ ನಿಲ್ಲಿಸುವುದು ಅದರ ಲಕ್ಷಣ. ಬೆರಳು ನೋಡಿಕೊಂಡು ಅನುಮಾನಿಸುತ್ತಿರುವ ಹುಡುಗನಿಗೆ ಬೇಕಾದುದು ಈ ಎರಡನೆಯದು. ಅದನ್ನು ಕೊಡಬಲ್ಲವರೂ ಅವನು ಗೌರವಿಸುವ ಹಳೆಯ ವಿದ್ಯಾರ್ಥಿಗಳೇ. ರೆಫರಿ ಕೊಡಲಾರ, ಎದುರು ಪಕ್ಷದವರು ಹೇಳಿದರೆ ಹುಡುಗ ಕೇಳಲಾರ.

ಹಾಗಾದರೆ ಗೃಹಸ್ಥನು ವೀತರಾಗನಂತೆ ಕುಳಿತು ಆಟ ನೋಡಬೇಕೇ? ಅಷ್ಟನ್ನು ಯಾರೂ ನಿರೀಕ್ಷಿಸುವುದಿಲ್ಲ. ವಿದ್ಯೆ ಕೊಟ್ಟ ಸ್ಥಳದ ಮೇಲಿನ ಪ್ರೀತಿ ಕೃತಜ್ಞತೆಯ ಒಂದು ರೂಪ. ಅಣುವ್ರತಿಗೆ ಅದು ನಿಷಿದ್ಧವಲ್ಲ. ಸಣ್ಣ ಕಾಲೇಜುಗಳಲ್ಲಿ ಈ ಪ್ರೀತಿ ಶುದ್ಧವಾಗಿ ಉಳಿಯುವ ಅವಕಾಶವೂ ಹೆಚ್ಚು. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ವಾಬಾಶ್ ಮತ್ತು ಡಿಪಾ ಎಂಬ ಎರಡು ಚಿಕ್ಕ ವಿದ್ಯಾಸಂಸ್ಥೆಗಳು 1890ರಿಂದ ಅಲ್ಲಿಯ ಫುಟ್‌ಬಾಲ್ ಆಟದಲ್ಲಿ ಸೆಣಸುತ್ತಿವೆ. 1932ರಿಂದ ಗೆದ್ದವರಿಗೆ ದೊರೆಯುತ್ತಿರುವುದು ರೈಲು ಎಂಜಿನ್ನಿನದೊಂದು ಹಳೆಯ ಗಂಟೆ. ಅವು ಸೇರಿದ ವರ್ಗದ ಕಾಲೇಜುಗಳಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಆಡುವವರು ಅಲ್ಲಿ ಓದುವ ಹುಡುಗರು, ನೋಡುವವರಲ್ಲಿ ಅನೇಕರು ಅಲ್ಲಿ ಓದಿದವರು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇತಿಹಾಸದಲ್ಲಿದೆ. ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ರಥಗಳ ಪಂದ್ಯ ನೋಡುವವರು ನೀಲಿ, ಹಸಿರು ಎಂಬ ಪಕ್ಷಗಳಾಗಿ ಒಡೆದಿದ್ದರು. ಕ್ರಿ.ಶ. 532ರಲ್ಲಿ ಆ ಪಕ್ಷಗಳಿಂದ ಹೊತ್ತಿಕೊಂಡ ದಂಗೆಯಲ್ಲಿ ನಗರದ ಬಹುಭಾಗ ಸುಟ್ಟುಹೋಯಿತು. ಸುಮಾರು 30,000 ಜನ ಸತ್ತರೆಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ರಥ ಓಡಿಸಿದವರು ಬೆರಳೆಣಿಕೆಯಷ್ಟು ಮಂದಿ. ಸತ್ತವರು ನೋಡಲು ಬಂದವರು.

ಪ್ರೇಕ್ಷಕರ ಈ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಯಾದಗಿರಿಯ ನೆರೆಯ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷನಿಗೆ ಗುರುಗಳಾಗಿದ್ದ ಜಿನಸೇನಾಚಾರ್ಯರ ಆದಿಪುರಾಣದಲ್ಲಿಯೂ, 941ರಲ್ಲಿ ಪಂಪ ಕನ್ನಡದಲ್ಲಿ ರಚಿಸಿದ ಆದಿಪುರಾಣದಲ್ಲಿಯೂ ಭರತ–ಬಾಹುಬಲಿಗಳ ಪ್ರಸಂಗ ಬರುತ್ತದೆ. ಎರಡೂ ಸೇನೆಗಳು ಎದುರುಬದುರು ನಿಂತಾಗ ಮಂತ್ರಿಗಳು ಮಾಡಿದ ವಿಚಾರ ಮನನೀಯವಾದುದು. ಅಣ್ಣತಮ್ಮಂದಿರಿಬ್ಬರೂ ಚರಮಶರೀರಿಗಳು, ಯುದ್ಧದಿಂದ ಅವರಿಗೆ ಅಪಾಯವಿಲ್ಲ, ಸಾಯುವವರು ಸೈನಿಕರು. ಆದುದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಅವರಿಬ್ಬರೇ ಸೆಣಸಿ ಜಯಾಪಜಯವನ್ನು ನಿರ್ಣಯಿಸಿಕೊಳ್ಳಲಿ ಎಂದು ಗೊತ್ತಾಯಿತು. ಸೈನಿಕರ ಪ್ರಾಣವುಳಿಸಲು ಅವರನ್ನು ಪ್ರೇಕ್ಷಕರನ್ನಾಗಿ ಮಾಡಲಾಯಿತು. ಆಟದ ಮೂಲ ಉಪಕಾರವೇ ಅದು. ಮೈದಾನದ ಗೆರೆಯ ಹೊರಗೆ ನಿಂತು ಎದುರು ಊರಿನವರ ಬಸ್ಸಿಗೆ ಕಲ್ಲು ಆರಿಸುವ ಪ್ರೇಕ್ಷಕನು ಆ ವ್ಯವಸ್ಥೆಯನ್ನು ತಲೆಕೆಳಗು ಮಾಡಿ ಮತ್ತೆ ಸೈನಿಕನಾಗುತ್ತಾನೆ. ಆಡಿದವರ ಹಗೆ ಕೊನೆಯ ಸೀಟಿಯೊಡನೆ ಬಹುಮಟ್ಟಿಗೆ ಮುಗಿಯುತ್ತದೆ, ಏಕೆಂದರೆ ಅವರು ಅದನ್ನು ಮೈಯಲ್ಲಿ ದಣಿಸಿರುತ್ತಾರೆ. ಆಡದವನ ಹಗೆಗೆ ದಣಿವಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳನ್ನು ಹೇಳಲಾಗಿದೆ. ಇವುಗಳಲ್ಲಿ ಪ್ರಮೋದವು ಗುಣದಲ್ಲಿ ಮಿಗಿಲಾದವರನ್ನು ಕಂಡಾಗ ಮೂಡಬೇಕಾದ ಹರ್ಷ. ಎದುರು ಪಕ್ಷದ ಹುಡುಗನ ಸ್ಮ್ಯಾಶ್ ನಿಜವಾಗಿಯೂ ಸುಂದರವಾಗಿದ್ದಾಗ ಹಳೆಯ ವಿದ್ಯಾರ್ಥಿಯ ಕೈ ಚಪ್ಪಾಳೆಗೆ ತಾನಾಗಿ ಏಳುತ್ತದೆ, ಅರ್ಧದಲ್ಲಿ ನಿಲ್ಲುತ್ತದೆ. ಏಳುವುದು ಪ್ರಮೋದದಿಂದ, ನಿಲ್ಲುವುದು ಏತರಿಂದ ಎಂಬುದನ್ನು ಅವನೇ ಬಲ್ಲ.

ವಿಶ್ವವಿದ್ಯಾಲಯದ ಪದ್ಧತಿಯೇ ಇದಕ್ಕೊಂದು ಪರೀಕ್ಷೆಯನ್ನು ಒಡ್ಡುತ್ತದೆ. ಅಂತರ ಕಾಲೇಜು ಪಂದ್ಯಗಳು ಮುಗಿದ ಮೇಲೆ ಎಲ್ಲ ಕಾಲೇಜುಗಳಿಂದ ಉತ್ತಮ ಆಟಗಾರರನ್ನು ಆರಿಸಿ, ತರಬೇತಿ ಕೊಟ್ಟು, ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಕಳಿಸಲಾಗುತ್ತದೆ. ಕೆಲವೇ ವಾರಗಳ ಹಿಂದೆ ಶಹಾಪುರದ ಅಭಿಮಾನಿಗಳಿಂದ ನಿಂದಿತನಾದ ಸುರಪುರದ ಹುಡುಗ ಈಗ ಅದೇ ಅಭಿಮಾನಿಗಳ ಬಾಯಲ್ಲಿ ‘ನಮ್ಮ ಕಡೆಯವನು’. ಅವನ ಆಟ ಬದಲಾಗಿಲ್ಲ, ನಡತೆ ಬದಲಾಗಿಲ್ಲ. ಅಂಗಿಯ ಬಣ್ಣ ಮಾತ್ರ ಬದಲಾಗಿದೆ. ಅಂದಿನ ದ್ವೇಷವಾಗಲಿ ಇಂದಿನ ಪ್ರೀತಿಯಾಗಲಿ ಆ ಹುಡುಗನನ್ನು ಕುರಿತದ್ದೇ ಆಗಿರಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಹುಡುಗರಿಗಾದರೋ ಇದನ್ನೆಲ್ಲ ಯೋಚಿಸಲು ಬಿಡುವಿರುವುದಿಲ್ಲ. ತರಬೇತಿಯ ನಾಲ್ಕು ದಿನಗಳಲ್ಲಿ ಸುರಪುರದವನು ಕಲಿಯಬೇಕಾದುದು, ಶಹಾಪುರದವನಿಗೆ ಹೊಡೆಯಲು ಚೆಂಡು ಬಲೆಯಿಂದ ಎಷ್ಟು ಮೇಲೆ, ಎಷ್ಟು ದೂರದಲ್ಲಿ ಬೇಕು ಎಂಬುದನ್ನು.