ಕುರ್ಚಿಯವರೆಗೆ



ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಜನ ಟ್ಯಾಂಗೋ ಕುಣಿಯಲು ಸೇರುವ ಕೂಟಕ್ಕೆ ಮಿಲೋಂಗಾ ಎನ್ನುತ್ತಾರೆ. ಅಲ್ಲಿ 3 ಅಥವಾ 4 ಹಾಡುಗಳದು ಒಂದು ಕಂತು. ಅದರ ಹೆಸರು ‘ತಾಂದಾ’. ಸಾಮಾನ್ಯವಾಗಿ ಒಂದು ಕಂತಿನಲ್ಲಿ ಒಂದೇ ವಾದ್ಯವೃಂದದ ಹಾಡುಗಳು: ಈಗ ಕಾರ್ಲೋಸ್ ದಿ ಸಾರ್ಲಿಯದಾದರೆ ಮುಂದಿನದು ಪುಗ್ಲಿಯೇಸೆಯದಿರಬಹುದು. ದೂರದಿಂದಲೇ ಕಣ್ಣು ಕೂಡಿಸಿ, ತಲೆಯಾಡಿಸಿ ಜೊತೆಯಾದವರು ಕಂತು ಮುಗಿಯುವವರೆಗೆ ಒಟ್ಟಿಗೆ ಕುಣಿಯುತ್ತಾರೆ. ಆಮೇಲೆ ಅರ್ಧ ನಿಮಿಷವೋ ಒಂದು ನಿಮಿಷವೋ ಟ್ಯಾಂಗೋ ಅಲ್ಲದ ಬೇರೆ ಸಂಗೀತ ಕೇಳಿಸುತ್ತದೆ. ಅದು ‘ಕೊರ್ತೀನಾ’, ಅಂದರೆ ಪರದೆ. ಅದಕ್ಕೆ ಯಾರೂ ಕುಣಿಯುವುದಿಲ್ಲ. ಎಲ್ಲ ಜೋಡಿಗಳೂ ಬಿಡಿಸಿಕೊಂಡು ಜಾಗ ಖಾಲಿ ಮಾಡುತ್ತವೆ. ಮುಂದಿನ ಕಂತಿಗೆ ಬೇರೆ ಜೊತೆ.

ಕಂತಿನ ನಡುವೆ ‘ಗ್ರಾಸಿಯಾಸ್’, ಅಂದರೆ ಧನ್ಯವಾದ, ಎಂದರೆ ‘ನಿಮ್ಮ ಜೊತೆ ಇನ್ನು ಸಾಕು’ ಎಂದರ್ಥ. ಅದೇ ಮಾತು ಕೊನೆಯಲ್ಲಿ ಬಂದರೆ ಬರೀ ಕೃತಜ್ಞತೆ.

ಇದನ್ನು ಓದುವಾಗ ನನಗೆ ಹಳೆಯ ಸಹೋದ್ಯೋಗಿಯೊಬ್ಬರು ನೆನಪಾದರು. 9 ವರ್ಷ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಶಾಲೆಗೆ ಹೋಗಿ ಬಂದವರು. ಅವರು ಕೋರಿಕೆ ವರ್ಗಾವಣೆಗೆ ಅರ್ಜಿ ಹಾಕಿದ್ದು ನನಗೆ ತಿಳಿದದ್ದು ಕೌನ್ಸೆಲಿಂಗ್ ಮುಗಿದ ಮೇಲೆ. ತಾಯಿಗೆ ಹುಷಾರಿಲ್ಲ ಎಂದರು. ನನಗೆ ಮಾತ್ರ ಅದು ನಡುವೆ ಹೇಳಿದ ಧನ್ಯವಾದದಂತೆ ಚುಚ್ಚಿತು. ಬೀಳ್ಕೊಡುಗೆಯ ದಿನ ರಜೆ ಹಾಕಿ ಮನೆಯಲ್ಲೇ ಕುಳಿತೆ.

ಅನಿತ್ಯದ ಬಗ್ಗೆ ನಮ್ಮ ಓದಿನಲ್ಲಿ ಎಷ್ಟೋ ಸಲ ಮಾತಾಡಿದ್ದೇನೆ. ಅದನ್ನು ಒಪ್ಪುವುದೆಂದರೆ ಮುಗಿದದ್ದನ್ನು ಬಿಟ್ಟುಬಿಡುವುದು ಎಂದೇ ತಿಳಿದಿದ್ದೆ. ಮಿಲೋಂಗಾದಲ್ಲಿ ಇನ್ನೊಂದು ರೂಢಿಯಿದೆ. ಪರದೆಯ ಸಂಗೀತ ಶುರುವಾದಾಗ ಗಂಡಸು ಜೊತೆಗಾತಿಯನ್ನು ಅಲ್ಲೇ ಬಿಟ್ಟು ಹೋಗುವುದಿಲ್ಲ, ಅವಳ ಕುರ್ಚಿಯವರೆಗೆ ಜೊತೆಗೆ ನಡೆದು ಕಳಿಸಿಕೊಡುತ್ತಾನೆ. ಕುಣಿತ ಮುಗಿದರೂ ಜವಾಬ್ದಾರಿ ಹತ್ತು ಹೆಜ್ಜೆ ಉಳಿದಿರುತ್ತದೆ.

ಬದುಕಿನಲ್ಲಿ ಎಲ್ಲರಿಗೂ ಒಟ್ಟಿಗೆ ಪರದೆ ಬೀಳುವುದಿಲ್ಲ, ನಿಜ. ಒಬ್ಬರ ಹಾಡು ಮುಗಿದಾಗ ಇನ್ನೊಬ್ಬರಿಗೆ ಅದು ನಡುವೆಯೇ ನಿಂತಂತೆ ಕಾಣುತ್ತದೆ. ನೋವಾಗಬಾರದು ಎಂದು ನಾನು ಹೇಳಲಾರೆ. ಆದರೆ ನೋವಿದ್ದರೂ ಆ ಹತ್ತು ಹೆಜ್ಜೆ ನಡೆಯಬಹುದಿತ್ತು.

ಮೊನ್ನೆ ಭಾನುವಾರ ಅವರಿಗೆ ಫೋನ್ ಮಾಡಿದೆ. ತಾಯಿ ತೀರಿಕೊಂಡು 2 ವರ್ಷವಾಯಿತಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಡಂ, ಅವತ್ತು ನಿಮಗೆ ಅಂತ ಒಂದು ಸೀರೆ ತಂದಿದ್ದೆ. ಇನ್ನೂ ಇಲ್ಲೇ ಇದೆ” ಎಂದರು.

ಇಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ: ಕುರ್ಚಿಯವರೆಗೆ ಕಳಿಸಿಕೊಡದೆ ನಾವು ನಡುವೆಯೇ ಬಿಟ್ಟುಬಂದವರು ಯಾರು?

ಎಲ್ಲರಿಗೂ ಒಳಿತಾಗಲಿ 🙏