ಕಾಣದ ಹೊಗೆ

ನ್ಯಾಯ ಅನ್ಯಾಯಗಳ ವಿಚಾರ ಮಾಡಲು ಮೋಟಾರು ಗಾಡಿಯ ಬಾನೆಟ್ಟಿನ ಕೆಳಗೆ ತಲೆ ಹಾಕಬೇಕಾದೀತೆಂದು ನಾನು ಎಣಿಸಿರಲಿಲ್ಲ. ಪಾಲಿಬೆಟ್ಟದ ಒಂದು ಗ್ಯಾರೇಜಿನಲ್ಲಿ, ಮಳೆ ಬಿಟ್ಟ ಒಂದು ಮಧ್ಯಾಹ್ನ, ನನಗೆ ಒದಗಿದ್ದು ಅದೇ.

ನನ್ನದು ಹಳೆಯ ಡೀಸೆಲ್ ಜೀಪು, ಟರ್ಬೊ ಇರುವಂಥದು. ಅಮ್ಮತ್ತಿಯ ಕಡೆಯಿಂದ ಬರುವಾಗ ಏರು ಸಿಕ್ಕಿದರೆ ಸಾಕು, ಏದುಸಿರು ಬಿಡತೊಡಗಿತ್ತು. ಸದ್ದು ಹೆಚ್ಚುತ್ತಿತ್ತೇ ಹೊರತು ಗಾಡಿ ಎಳೆಯುತ್ತಿರಲಿಲ್ಲ. ಟರ್ಬೊ ಹೋಯಿತು, ಸಾವಿರಾರು ರೂಪಾಯಿ ಮುಳುಗಿತು ಎಂದುಕೊಂಡೇ ಒಳಗೆ ತಂದೆ. ಮೇಸ್ತ್ರಿ ಟರ್ಬೊವನ್ನು ಮುಟ್ಟಲೇ ಇಲ್ಲ. ಕಿರುಬೆರಳಿನಷ್ಟೂ ದಪ್ಪವಿಲ್ಲದ ಒಂದು ಕಪ್ಪು ರಬ್ಬರು ಪೈಪನ್ನು ಬುಡದಿಂದ ತುದಿಯವರೆಗೆ ಸವರಿಕೊಂಡು ಹೋದ.

ಅದು ವ್ಯಾಕ್ಯೂಮ್ ಪೈಪು. ಪೆಟ್ರೋಲ್ ಎಂಜಿನ್ನಿನ ಗಾಳಿಯ ದಾರಿಯಲ್ಲಿ ಅರೆ ಮುಚ್ಚಿದ ಬಾಗಿಲೊಂದಿರುವುದರಿಂದ ಅದರ ಹಿಂದೆ ನಿರ್ವಾತ ತಾನಾಗಿಯೇ ಉಂಟಾಗುತ್ತದೆ. ನನ್ನದರಂಥ ಡೀಸೆಲ್ಲಿಗೆ ಆ ಅನುಕೂಲವಿಲ್ಲ. ಆಲ್ಟರ್ನೇಟರಿನ ಬೆನ್ನಿಗೆ ಕಟ್ಟಿದ ಒಂದು ಸಣ್ಣ ಪಂಪು ಗಾಳಿಯನ್ನು ಹೀರುತ್ತಿರಬೇಕು. ಅಲ್ಲಿಂದ ಹೊರಟ ದಪ್ಪ ಪೈಪು ಬ್ರೇಕಿಗೆ ಬಲ ಕೊಡುತ್ತದೆ. ಸಣ್ಣ ಪೈಪುಗಳು ವಿದ್ಯುತ್ತಿನಿಂದ ನಡೆಯುವ ಕವಾಟಗಳನ್ನು ಹಾಯ್ದು, ಒಂದು ಟರ್ಬೊದ ರೆಕ್ಕೆಗಳನ್ನು ತಿರುಗಿಸುವ ಡಬ್ಬಿಗೂ, ಇನ್ನೊಂದು ಇ.ಜಿ.ಆರ್. ಎಂಬ ಕವಾಟಕ್ಕೂ ಹೋಗುತ್ತವೆ.

ಹಿಂದೆ ಯಾರೋ ಪೈಪು ಬದಲಿಸುವಾಗ ಹತ್ತಿರದ ದಾರಿಯೆಂದು ಟರ್ಬೊದ ಕಾದ ಕವಚದ ಪಕ್ಕದಲ್ಲೇ ಅದನ್ನು ಹಾಯಿಸಿದ್ದರು. ರಬ್ಬರು ಬೆಂದು ಬಿರಿದಿತ್ತು. ನಮ್ಮ ಮೇಸ್ತ್ರಿ ಹೊಸ ಪೈಪನ್ನು ಕಾವಿನಿಂದ ದೂರ, ಸುತ್ತು ದಾರಿಯಲ್ಲಿ, ಎಲ್ಲೂ ಮಡಚದಂತೆ ಎಳೆದು ಅಲ್ಲಲ್ಲಿ ಕ್ಲಿಪ್ಪು ಹಾಕಿದ. ಒಂದು ಕಡೆ ಮಾತ್ರ ಸ್ವಲ್ಪ ಜೋಲು ಬಿಟ್ಟ. "ಎಂಜಿನ್ ಅಲ್ಲಾಡ್ತದೆ ಸಾರ್, ಬಾಡಿ ಅಲ್ಲಾಡಲ್ಲ. ಬಿಗಿ ಮಾಡಿದ್ರೆ ಕಿತ್ತು ಬರ್ತದೆ" ಎಂದ. ಯಾರ ಕಣ್ಣಿಗೂ ಬೀಳದ ಆ ಮೂಲೆಯಲ್ಲಿ ಅವನು ಮಾಡಿದ ಕೆಲಸದ ಅಚ್ಚುಕಟ್ಟು ನೋಡಿ ನನಗೆ ಅವನ ಮೇಲೆ ಗೌರವ ಹುಟ್ಟಿತು. ಅದೇ ಮನುಷ್ಯ ಮರುಕ್ಷಣ ಕೇಳಿದ: "ಇದಕ್ಕೊಂದು ಗುಂಡು ಹಾಕಿಬಿಡಲಾ ಸಾರ್?"

ಸೈಕಲ್ಲಿನ ಬೇರಿಂಗಿನ ಉಕ್ಕಿನ ಗುಂಡು. ಇ.ಜಿ.ಆರ್.ಗೆ ಹೋಗುವ ಪೈಪಿನೊಳಗೆ ಅದನ್ನು ತುರುಕಿದರೆ ನಿರ್ವಾತ ಮುಂದೆ ಹೋಗದು, ಕವಾಟ ತೆರೆಯದು. ಆ ಕವಾಟದ ಕೆಲಸ, ಹೊರಟ ಹೊಗೆಯ ಒಂದು ಪಾಲನ್ನು ತಿರುಗಿ ಎಂಜಿನ್ನಿಗೇ ಉಣಿಸುವುದು. ಇದರಿಂದ ಉರಿಯ ಕಾವು ತಗ್ಗಿ, ಗಾಳಿಯ ನೈಟ್ರೋಜನ್ ಆಕ್ಸಿಜನ್ನುಗಳು ಕೂಡಿ ಹುಟ್ಟುವ ವಿಷಾನಿಲ ಕಡಿಮೆಯಾಗುತ್ತದೆ. ಈ ಅನಿಲ ಎದೆಗೂಡಿಗೆ ಕೇಡು. ಬಿಸಿಲಿನಲ್ಲಿ ಓಜೋನಿಗೂ ಕಾರಣ. ಆದರೆ ಕವಾಟ ತೆರೆದಷ್ಟೂ ಮಸಿ ಹೆಚ್ಚು. ಆ ಮಸಿ ಎಂಜಿನ್ನಿನ ಮೂಗಿನಲ್ಲೇ ಕಟ್ಟಿಕೊಳ್ಳುತ್ತದೆ. ಗಾಡಿಯ ಒಡೆಯನಿಗೆ ನಷ್ಟ, ದಾರಿಹೋಕನಿಗೆ ಲಾಭ.

ನಾನು ಹೂಂ ಎಂದೆ. ಹಳೆಯ ಗಾಡಿಯಾದ್ದರಿಂದ ಎಚ್ಚರಿಕೆಯ ದೀಪವೂ ಹತ್ತಲಿಲ್ಲ. ಎಳೆತ ಹೆಚ್ಚಿತೆಂದು ನಾಲ್ಕು ಜನರ ಮುಂದೆ ಹೇಳಿಕೊಂಡೆ. (ಪೂರ್ತಿ ಭಾರದ ಏರಿನಲ್ಲಿ ಆ ಕವಾಟ ಹೇಗೂ ಮುಚ್ಚಿಯೇ ಇರುತ್ತದೆಂದು ಆಮೇಲೆ ತಿಳಿಯಿತು, ಹೆಚ್ಚಿದ್ದು ಬಹುಪಾಲು ಹೊಸ ಪೈಪಿನಿಂದ.) ತಮಾಷೆ ಮುಂದಿದೆ. ಹೊಗೆ ತಪಾಸಣೆಗೆ ಹೋದಾಗ ಜೀಪು ಹಿಂದೆಂದಿಗಿಂತ ಚೆನ್ನಾಗಿ ಪಾಸಾಯಿತು! ಡೀಸೆಲ್ ಗಾಡಿಗೆ ಅಲ್ಲಿ ಅಳೆಯುವುದು ಹೊಗೆಯ ಕಪ್ಪನ್ನು ಮಾತ್ರ, ಬೆಳಕು ಎಷ್ಟು ತೂರಿ ಬಂದೀತೆಂದು. ಬಣ್ಣವಿಲ್ಲದ ಅನಿಲದ ಗೊಡವೆ ಆ ಯಂತ್ರಕ್ಕಿಲ್ಲ. ನಾನು ಮಾಡಿದ ತಪ್ಪಿಗೇ ಪ್ರಶಸ್ತಿಪತ್ರ ಸಿಕ್ಕಿತ್ತು.

ಆ ಚೀಟಿಯನ್ನು ಕೈಯಲ್ಲಿ ಹಿಡಿದಾಗ ನನಗೆ ಕಸಿವಿಸಿಯಾಯಿತು. 2015ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಸಿಕ್ಕಿಬಿದ್ದಾಗ ಪತ್ರಿಕೆ ಓದಿ ನಾನು ಎಷ್ಟು ಬೈದಿದ್ದೆ! ಪರೀಕ್ಷೆ ನಡೆಯುತ್ತಿದೆಯೆಂದು ಗಾಡಿಗೆ ತಾನೇ ತಿಳಿದು, ಆಗ ಮಾತ್ರ ಸಾಧುವಾಗಿ, ರಸ್ತೆಗಿಳಿದೊಡನೆ ಇದೇ ಅನಿಲವನ್ನು ಉಗುಳುವಂತೆ ಮಾಡಿದ್ದರು. ಜಗತ್ತಿನಲ್ಲಿ ಸುಮಾರು 1 ಕೋಟಿ 10 ಲಕ್ಷ ಗಾಡಿಗಳಲ್ಲಿ. ಅವರಿಗೆ ಬೇಕಾದದ್ದು ಗಣಕದ ಜಾಣತನ. ನನಗೆ ಒಂದು ಸೈಕಲ್ ಗುಂಡು ಸಾಕಾಯಿತು.

ನನ್ನ ಒಂದು ಜೀಪಿನಿಂದ ಏನಾದೀತು ಎಂಬುದು ಉತ್ತರವೇ? ಕೊಳಕ್ಕೆ ಹಾಲು ಸುರಿಯಿರೆಂದು ರಾಜ ಹೇಳಿದಾಗ ಊರವರೆಲ್ಲ ಕತ್ತಲಲ್ಲಿ ನೀರು ಸುರಿದ ಕಥೆ ನಾವೆಲ್ಲ ಕೇಳಿದ್ದೇವೆ. ಆ ಕಥೆಯಲ್ಲಿ ಬೆಳಗಾದಾಗ ನೀರು ಕಂಡು ಎಲ್ಲರೂ ನಾಚಿದರು. ನನ್ನ ವಿಷಯದಲ್ಲಿ ಬೆಳಗಾದರೂ ಕೊಳ ಬೆಳ್ಳಗೇ ಕಾಣುತ್ತದೆ. ನಾಚಿಕೆ ಬೇಕೆಂದರೆ ಅದನ್ನು ಮನೆಯಿಂದಲೇ ತರಬೇಕು.

ಅಷ್ಟರಲ್ಲಿ ಕಾಫಿ ಹೂವಿನ ಕಾಲ ಬಂತು. ಹೂಮಳೆ ಬಿದ್ದ ಮೇಲೆ ಪಾಲಿಬೆಟ್ಟದ ಸುತ್ತಿನ ತೋಟಗಳು ಹೇಗಿರುತ್ತವೆಂದು ನೋಡಿದವರಿಗೆ ಹೇಳಬೇಕಾಗಿಲ್ಲ; ರಸ್ತೆಯ ಎರಡೂ ಕಡೆ ಬೆಳ್ಳಗೆ, ಮಲ್ಲಿಗೆಯಂಥ ಪರಿಮಳ, ಜೇನಿನ ಝೇಂಕಾರ. ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟದು. ಬೇರೆ ಗಿಡದ ಪರಾಗವನ್ನು ಗಾಳಿ ತರಬೇಕು, ಜೇನು ತರಬೇಕು. 2013ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಸಾಸಿವೆಯ ಜಾತಿಯ ಒಂದು ಹೂವಿನ ಪರಿಮಳಕ್ಕೆ ಡೀಸೆಲ್ ಹೊಗೆ ಬೆರೆಸಿ ನೋಡಿದರು. ಪರಿಮಳದ ಎರಡು ಅಂಶಗಳು ಅಳಿಸಿಯೇಹೋದವು. ಉಳಿದದ್ದನ್ನು ಜೇನುಹುಳುಗಳು ಹೂವೆಂದು ಗುರುತಿಸಲಾರದೆ ಹೋದವು. ಕಾರಣ ಮುಖ್ಯವಾಗಿ ಈ ಕಾಣದ ಅನಿಲವೇ. ಅದು ಪ್ರಯೋಗಶಾಲೆಯ ಮಾತು, ಕಾಫಿಯ ಮಾತಲ್ಲ, ಒಪ್ಪುತ್ತೇನೆ. ಆದರೂ ಆ ಪರಿಮಳದ ನಡುವೆ ಜೀಪು ಓಡಿಸುವಾಗ, ನನಗೆ ಸುಖ ಕೊಡುತ್ತಿರುವುದನ್ನೇ ನಾನು ಬೆನ್ನ ಹಿಂದೆ ಒರಸುತ್ತ ಹೋಗುತ್ತಿದ್ದೇನೆಯೇ ಎಂದು ಅನ್ನಿಸಿದ್ದು ನಿಜ.

ಮತ್ತೆ ಗ್ಯಾರೇಜಿಗೆ ಹೋದೆ. ಗುಂಡು ತೆಗೆಯಬೇಕೆಂದಾಗ ಮೇಸ್ತ್ರಿ ನನ್ನ ಮುಖ ನೋಡಿದ. "ಗಾಡಿಯಲ್ಲಿ ಏನಾದ್ರೂ ತೊಂದ್ರೆ ಬಂತಾ ಸಾರ್?"

"ಗಾಡಿಯಲ್ಲಿ ಇಲ್ಲ" ಎಂದೆ.

"ಮಸಿ ಕಟ್ಟುತ್ತೆ. ಆಗಾಗ ಬಿಚ್ಚಿ ತೊಳೀಬೇಕು. ಅದರ ಕೂಲಿ ಬೇರೆ."

"ಆಗಲಿ."

ಅವನು ವಾದಿಸಲಿಲ್ಲ. ಪೈಪನ್ನು ಹಿಚುಕಿ ಗುಂಡನ್ನು ಹೊರಕ್ಕೆ ಜಾರಿಸಿ, ಲುಂಗಿಗೆ ಒರಸಿ, ಗೂಡಿನಲ್ಲಿದ್ದ ತಗಡಿನ ಡಬ್ಬಿಗೆ ಹಾಕಿದ. ಡಬ್ಬಿಯಲ್ಲಿ ಅಂಥವು ಬೇಕಾದಷ್ಟಿದ್ದವು. ಹೊರಗೆ ಇನ್ನೊಂದು ಜೀಪು ಬಾನೆಟ್ಟು ತೆರೆದುಕೊಂಡು ಕಾದು ನಿಂತಿತ್ತು.