ಊರಿನ ಮಾತು ಯಾರ ಮಾತು?

2020ರ ಜನಗಣತಿಯಂತೆ ನಮ್ಮ ಜರ್ಮನ್‌ಟೌನ್‌ನ ಜನಸಂಖ್ಯೆ 91,000ಕ್ಕೂ ಹೆಚ್ಚು. ಆದರೂ ಇದಕ್ಕೆ ಮೇಯರ್ ಇಲ್ಲ, ನಗರಸಭೆಯೂ ಇಲ್ಲ. ರಸ್ತೆಯಾಗಲಿ, ಶಾಲೆಯಾಗಲಿ, ರಾಕ್‌ವಿಲ್‌ನಲ್ಲಿರುವ ಮಾಂಟ್ಗೊಮೆರಿ ಕೌಂಟಿಯವರನ್ನೇ ಕೇಳಬೇಕು. ಆದ್ದರಿಂದ ಬಡಾವಣೆಯ ಸಂಘಗಳು ಮತ್ತು ಅಪ್‌ಕೌಂಟಿ ನಾಗರಿಕ ಸಲಹಾ ಮಂಡಳಿ ಊರಿನ ಪರವಾಗಿ ಮಾತನಾಡುತ್ತವೆ. ಕೌಂಟಿಯ ಬಹಿರಂಗ ವಿಚಾರಣೆಯಲ್ಲಿ ನಾವೂ ಮಾತನಾಡಬಹುದು. ಅದಕ್ಕೆ ಪೌರತ್ವ ಬೇಕಿಲ್ಲ.

ಆದರೆ ಅಲ್ಲಿ ಯಾರಿಗಾಗಿ ಮಾತನಾಡಬೇಕು? ಮಿಡ್‌ಕೌಂಟಿ ಹೆದ್ದಾರಿಯನ್ನು ಕ್ಲಾರ್ಕ್ಸ್‌ಬರ್ಗ್ ಕಡೆಗೆ ಮುಂದುವರಿಸುವ ಎಂ-83 ಯೋಜನೆಯ ಬಗ್ಗೆ ದಶಕಗಳ ಕಾಲ ವಾದ ನಡೆಯಿತು. ದಿನವೂ 355ರ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವವರು ರಸ್ತೆ ಬೇಕೆಂದರು. ಅದು ಹಾದುಹೋಗುವ ಕಡೆಯವರು ಮನೆಗಳ ನೆಮ್ಮದಿ, ತೊರೆ, ಜೌಗುಭೂಮಿ ಹಾಳಾಗುತ್ತವೆ ಎಂದರು. ಎರಡೂ ನಿಜವಾದ ಕಷ್ಟಗಳೇ. ಸಭೆಗೆ ಹೆಚ್ಚು ಜನರನ್ನು ಕರೆತಂದರೆ ಬಲ ಕಾಣುತ್ತದೆ, ನ್ಯಾಯ ಕಾಣುವುದಿಲ್ಲ. ರಾತ್ರಿ ಪಾಳಿಯವರು, ಬಸ್ಸನ್ನೇ ನಂಬಿದವರು, ಇಂಗ್ಲಿಷ್ ಬಾರದ ಅಜ್ಜ-ಅಜ್ಜಿಯರು ಅಲ್ಲಿಗೆ ಬರಲಾರರು. ಅವರ ಮಾತನ್ನೂ ಒಯ್ಯದಿದ್ದರೆ ಸಂಘವು ಊರಿನದಾಗದೆ, ಬಿಡುವಿದ್ದವರದಷ್ಟೇ ಆಗುತ್ತದೆ.

ಕರ್ನಾಟಕದಲ್ಲಿ ಕೊಳವೆಬಾವಿಗಳಿಂದ ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬರು, 1987ರಲ್ಲಿ ಚುನಾವಣೆ ಕಂಡ ಮಂಡಲ ಪಂಚಾಯಿತಿ ವ್ಯವಸ್ಥೆಯ ರೂವಾರಿ. ಹಳ್ಳಿಯ ಬಾಯಾರಿಕೆ ಹಳ್ಳಿಯವರಿಗೇ ಚೆನ್ನಾಗಿ ಗೊತ್ತು ಎಂಬುದು ಅದರ ತಿರುಳು. ಅದೇ ಮಾತನ್ನು ಇನ್ನೊಂದು ಹೆಜ್ಜೆ ಮುಂದಿಟ್ಟರೆ, ಪಕ್ಕದ ಬೀದಿಯ ಕಷ್ಟವನ್ನು ಆ ಬೀದಿಯವರಿಂದಲೇ ಕೇಳಿ ತಿಳಿಯಬೇಕು.

ನಮ್ಮ ಅಗತ್ಯವನ್ನು ಹೇಳಿಕೊಳ್ಳುವುದು ಸ್ವಾರ್ಥವಲ್ಲ. ಅದಷ್ಟನ್ನೇ ಊರಿನ ಅಗತ್ಯವೆನ್ನುವುದು ಸ್ವಾರ್ಥ. ಮುಂದಿನ ವಿಚಾರಣೆಗೆ ಹೆಸರು ಕೊಡುವ ಮೊದಲು, ನಮ್ಮ ಮಾತನ್ನು ಒಪ್ಪದ ಒಂದು ಮನೆಯ ಬಾಗಿಲನ್ನಾದರೂ ತಟ್ಟಿ ಬರೋಣ.